ಎವೆ ಕೂಡದ ಕಣ್ಣು

ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ಅವ್ವ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯ ತುಟಿಯಂಚಿನಿಂದ ಸೋರಿ ಸೆರಗಿನ ಮೇಲೆ ಬಿತ್ತು. ಮತ್ತೊಮ್ಮೆ ಮುಕ್ಕಳಿಸಿದಳು, ಮತ್ತೆ ಸೋರಿತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಎಡಭಾಗ ಜೋತುಬಿದ್ದು, ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಗದಗಿನ ಹತ್ತಿರದ ನಮ್ಮೂರಿನಲ್ಲಿ ಆಗ ಹಿಂಗಾರಿ ಜೋಳದ ರಾಶಿಯ ಕಾಲ, ಮನೆಯವರೆಲ್ಲ ಹೊಲದಲ್ಲಿದ್ದರು. ಹುಬ್ಬಳ್ಳಿಯಲ್ಲಿದ್ದ ನನಗೆ ತಮ್ಮ ಫೋನು ಮಾಡಿ ಹೇಳಿದ್ದು ಒಂದೇ ಮಾತು: "ಅಕ್ಕಾ, ಅವ್ವನ ಬಾಯಿ ವಾರಿ ಆಗೇತಿ."

ನಾನು ಊರು ಮುಟ್ಟುವ ಹೊತ್ತಿಗೆ ಪಡಸಾಲೆಯಲ್ಲಿ ಜನ ಸೇರಿದ್ದರು. ಲಕ್ವಾ ಹೊಡೆದಿದೆ ಎಂದು ಕೆಲವರು, ಗಾಳಿ ಬಡಿದಿದೆ ಎಂದು ಕೆಲವರು ಹೇಳುತ್ತಿದ್ದರು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು, ಬಂದವಳು ನಾನೂ ಬಾಯಿಯನ್ನೇ ನೋಡಿದೆ. ಆ ದಿನ, ಅದರ ಮರುದಿನ, ಅದರಾಚೆಯ ದಿನವೂ ನಮ್ಮ ಚಿಂತೆಯೆಲ್ಲ ಆ ವಾರೆಯಾದ ಬಾಯಿಯ ಸುತ್ತಲೇ ಇತ್ತು. ಕೆಟ್ಟರೆ ಮರಳಿ ಬಾರದ ಅಂಗವೊಂದು ಅದೇ ಮುಖದಲ್ಲಿ, ಬಾಯಿಗಿಂತ ನಾಲ್ಕು ಬೆರಳು ಮೇಲೆ, ಹಗಲು ರಾತ್ರಿ ತೆರೆದುಕೊಂಡೇ ಒಣಗುತ್ತಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಇದನ್ನು ಬರೆಯುತ್ತಿರುವುದು ಆ ಕಾರಣಕ್ಕಾಗಿಯೇ.

ಪಕ್ಕದ ಊರಿನ ವೈದ್ಯರು ಅಂದೇ ಅವಳನ್ನು ಪರೀಕ್ಷಿಸಿದ್ದರು. ಎರಡೂ ಕೈ ಎತ್ತಿಸಿ, ಮಾತಾಡಿಸಿ, ಹುಬ್ಬು ಮೇಲೇರಿಸಿ ಹಣೆಯಲ್ಲಿ ನೆರಿಗೆ ತರಲು ಹೇಳಿದರು. ಬಲಗಡೆ ನೆರಿಗೆ ಮೂಡಿತು, ಎಡಗಡೆಯ ಹಣೆ ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣ್ಣಗೆ ಉಳಿಯಿತು. ಅದು ಒಂದು ರೀತಿಯಲ್ಲಿ ಸಮಾಧಾನದ ಲಕ್ಷಣವಂತೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಪಾಲುಗಳಿಂದ ಅಪ್ಪಣೆ ಬರುವುದರಿಂದ, ಮೆದುಳಿಗೆ ಪೆಟ್ಟಾಗಿ ಪಾರ್ಶ್ವವಾಯು ಬಂದವರಲ್ಲಿ ಮುಖದ ಕೆಳಭಾಗ ಸೋತರೂ ಹಣೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಕಣ್ಣೂ ಬಹುಮಟ್ಟಿಗೆ ಮುಚ್ಚುತ್ತದೆ. ಹಣೆಯೂ ಸೇರಿ ಅರ್ಧ ಮುಖವೇ ಸೋತಿದ್ದರೆ ಕೆಟ್ಟಿರುವುದು ಹೆಚ್ಚಾಗಿ ಮೆದುಳಲ್ಲ, ಮುಖದ ನರ. ಈ ತೀರ್ಮಾನವನ್ನು ವೈದ್ಯರೇ ಮಾಡಬೇಕು. ಮನೆಯಲ್ಲಿ ಕುಳಿತು ನಾವು ಮಾಡುವಂಥದ್ದಲ್ಲ. ಮುಖದ ಜೊತೆ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು.

ಅವ್ವನಿಗೆ ಬಂದದ್ದು ಬೆಲ್ಸ್ ಪಾಲ್ಸಿ. ಮುಖದ ನರ ಕಿವಿಯ ಹಿಂದಿನ ಎಲುಬಿನಲ್ಲಿರುವ ಇಕ್ಕಟ್ಟಾದ ಕೊಳವೆಯೊಂದರ ಮೂಲಕ ಹಾದು ಬರುತ್ತದೆ. ಅಲ್ಲಿ ನರ ಬಾತುಕೊಂಡರೆ ಹಿಗ್ಗಲು ಜಾಗವಿಲ್ಲದೆ ತನ್ನಷ್ಟಕ್ಕೆ ತಾನೇ ಅದುಮಿಕೊಳ್ಳುತ್ತದೆ. ಈ ನರದ ಕೆಲಸವನ್ನು 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಅವರ ಹೆಸರೇ ಕಾಯಿಲೆಗೆ ನಿಂತಿದೆ. ಮೊದಲ 72 ಗಂಟೆಗಳೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಗುಣವಾಗುವ ಸಂಭವ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಕೊನೆಗೆ ಆ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 94 ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು, ತೆಗೆದುಕೊಳ್ಳದವರಲ್ಲಿ 82 ಮಂದಿ. ಅವ್ವನಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ, ಈ ಮಾತ್ರೆ ಸಕ್ಕರೆಯನ್ನು ಏರಿಸುತ್ತದೆಂದು ದಿನಾ ರಕ್ತ ನೋಡುವಂತೆ ವೈದ್ಯರು ಎಚ್ಚರಿಸಿದರು. ಇಷ್ಟೆಲ್ಲ ಸರಿಯಾಗಿಯೇ ನಡೆಯಿತು. ಕಣ್ಣಿನ ಬಗ್ಗೆ ಮಾತ್ರ ಒಂದು ಸೀಸೆ ಹನಿಮದ್ದು ಬರೆದು, ದಿನಕ್ಕೆ ಮೂರು ಸಲ ಬಿಡಿ ಎಂದದ್ದನ್ನು ಬಿಟ್ಟರೆ ಬೇರೆ ಮಾತು ಬರಲಿಲ್ಲ. ನಾವೂ ಕೇಳಲಿಲ್ಲ.

ಮೊದಲ ರಾತ್ರಿ ಅವಳ ಪಕ್ಕದಲ್ಲೇ ಮಲಗಿದ್ದೆ. ನಡುರಾತ್ರಿ ಎದ್ದಾಗ ನಡುಮನೆಯ ದೀಪದ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಬಲಗಣ್ಣು ಮುಚ್ಚಿತ್ತು. ಎಡಗಣ್ಣಿನ ರೆಪ್ಪೆಗಳ ನಡುವೆ ಜೋಳದ ಕಾಳಿನಷ್ಟು ಅಗಲದ ಸೀಳು ಇತ್ತು, ಅದರಲ್ಲಿ ಬಿಳಿಗುಡ್ಡೆ ಮಾತ್ರ ಕಾಣುತ್ತಿತ್ತು, ಕರಿಗುಡ್ಡೆ ಇರಲಿಲ್ಲ. ಎದೆ ಧಸಕ್ಕೆಂದಿತು, ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಆ ಹೊತ್ತಿನಲ್ಲಿ ಅಷ್ಟು ಹೆದರಿಸಿದ ಆ ನೋಟವೇ ಅವಳ ಕಣ್ಣನ್ನು ಕಾಯುತ್ತಿತ್ತು ಎಂದು ಆಮೇಲೆ ತಿಳಿಯಿತು. ಕಣ್ಣು ಮುಚ್ಚಲು ಹೊರಟಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳಿ ಕರಿಗುಡ್ಡೆಯನ್ನು ಮೇಲ್ರೆಪ್ಪೆಯ ಮರೆಗೆ ಒಯ್ಯುತ್ತದೆ. ಇದನ್ನು ಗುರುತಿಸಿದವರೂ ಬೆಲ್ ಅವರೇ. ಹೆಚ್ಚಿನವರಲ್ಲಿ ಈ ಹೊರಳುವಿಕೆ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಇಲ್ಲದವರ ರೆಪ್ಪೆ ಕೂಡದೆ ಹೋದರೆ ಕಣ್ಣಿಗೆ ಅಪಾಯ ಬೇಗ ಬರುತ್ತದೆ.

ಐದನೆಯ ದಿನಕ್ಕೆ ಕಣ್ಣು ಕೆಂಪಗಾಯಿತು. "ಕಣ್ಣಾಗ ಹಳ್ಳು ಬಿದ್ದಂಗ ಆಗೇತಿ" ಎಂದು ಅವ್ವ ಉಜ್ಜಿಕೊಳ್ಳತೊಡಗಿದಳು. ಹೊರಗೆ ರಾಶಿಯ ದೂಳು, ಒಣಗಾಳಿ. ನೆರೆಮನೆಯ ಹಿರಿಯರೊಬ್ಬರು ಪ್ರೀತಿಯಿಂದಲೇ ಹರಳೆಣ್ಣೆ ತಂದು ಕಣ್ಣಿಗೆ ಬಿಡಿ ಎಂದರು. ಬಿಡಲಿಲ್ಲ. ಮರುದಿನವೇ ಹುಬ್ಬಳ್ಳಿಗೆ ಕರೆತಂದು ಕಣ್ಣಿನ ವೈದ್ಯರಿಗೆ ತೋರಿಸಿದೆ.

ಆ ವೈದ್ಯೆ ಹತ್ತಿಯ ತುದಿಯನ್ನು ಎಳೆಯಂತೆ ಹೊಸೆದು ಕರಿಗುಡ್ಡೆಗೆ ಮೆಲ್ಲಗೆ ಮುಟ್ಟಿಸಿದರು. ಅವ್ವ ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡಳು. "ಒಳ್ಳೆಯದಾಯಿತು, ಸ್ಪರ್ಶ ಇದೆ" ಎಂದರು. ಆಮೇಲೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ತಾಕಿಸಿ ನೀಲಿ ಬೆಳಕು ಬಿಟ್ಟರು. ಯಂತ್ರದ ಪಕ್ಕದ ಪರದೆಯಲ್ಲಿ ನನಗೂ ತೋರಿಸಿದರು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಮೇಲಿನ ಭಾಗದಲ್ಲಿ ತಿಳಿಯಾಗಿತ್ತು; ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ ಮಾತ್ರ ಹಸಿರು ಚುಕ್ಕೆಗಳು ರಂಗೋಲಿಪುಡಿ ಚೆಲ್ಲಿದಂತೆ ಮಿನುಗುತ್ತಿದ್ದವು. ಹೊರಪದರ ಕಿತ್ತುಹೋದಲ್ಲೆಲ್ಲ ಆ ಬಣ್ಣ ಹಿಡಿಯುತ್ತದೆಯಂತೆ. ರಾತ್ರಿ ನಾನು ಕಂಡ ಸೀಳು ಎಲ್ಲಿತ್ತೋ ಆ ಚುಕ್ಕೆಗಳು ಸರಿಯಾಗಿ ಅಲ್ಲಿಯೇ ಇದ್ದವು. ಇನ್ನೊಂದು ವಾರ ತಡವಾಗಿದ್ದರೆ ಹುಣ್ಣಾಗುತ್ತಿತ್ತು, ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯುತ್ತಿತ್ತು, ಆ ಕಲೆಯ ಹಿಂದೆ ದೃಷ್ಟಿ ಇರುತ್ತಿರಲಿಲ್ಲ ಎಂದು ಅವರು ಹೇಳಿದಾಗ ನನ್ನ ಕೈ ತಣ್ಣಗಾಯಿತು.

ಅವ್ವನಿಗೆ ನಂಬಿಕೆ ಬರಲಿಲ್ಲ. "ದಿನಾ ನೀರು ಸುರ್ಯಾಕತ್ತೇತಿ, ಒಣಗೇತಿ ಅಂತೀರಲ್ರಿ?" ಎಂದಳು. ಅವಳ ಪ್ರಶ್ನೆ ನನ್ನದೂ ಆಗಿತ್ತು. ವೈದ್ಯೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ರೆಪ್ಪೆ ಮುಚ್ಚಿ ತೆರೆಯುವ ಪ್ರತಿ ಸಲವೂ ಕಣ್ಣೀರನ್ನು ಕಾರ್ನಿಯಾದ ಮೇಲೆ ತೆಳುವಾಗಿ ಸಾರಿಸುತ್ತದೆ, ರೆಪ್ಪೆಯಂಚಿನ ಗ್ರಂಥಿಗಳಿಂದ ಬರುವ ಎಣ್ಣೆಯ ಪದರವನ್ನು ಅದರ ಮೇಲೆ ಹೊದಿಸುತ್ತದೆ, ಹಳೆಯ ನೀರನ್ನು ಮೂಗಿನ ಕಡೆಯ ಸಣ್ಣ ತೂಬಿನೊಳಕ್ಕೆ ನೂಕುತ್ತದೆ. ರೆಪ್ಪೆ ನಿಂತರೆ ಸಾರಿಸುವುದೂ ನಿಂತಿತು, ನೂಕುವುದೂ ನಿಂತಿತು. ಬಂದ ನೀರು ಕೆಳರೆಪ್ಪೆಯಲ್ಲಿ ಕೆರೆಯಂತೆ ನಿಂತು ಕೆನ್ನೆಗೆ ಹರಿದುಹೋಗುತ್ತದೆ, ನಡುವಿನ ನೆಲ ಬಿರುಕು ಬಿಡುತ್ತದೆ. ಕೆರೆ ಕೋಡಿ ಹರಿದರೂ ಹೊಲಕ್ಕೆ ನೀರು ಹತ್ತದ ಊರಿನವಳಾದ ಅವ್ವನಿಗೆ ಇದು ಕೂಡಲೇ ಅರ್ಥವಾಯಿತು.

ರೆಪ್ಪೆಯನ್ನು ಮೇಲಕ್ಕೆತ್ತುವ ಸ್ನಾಯು ಬೇರೆ, ಮುಚ್ಚುವ ಸ್ನಾಯು ಬೇರೆ, ಅವುಗಳ ನರಗಳೂ ಬೇರೆ ಬೇರೆ ಎಂಬುದನ್ನು ನಾನು ಅಲ್ಲಿಯೇ ಮೊದಲು ಕೇಳಿದ್ದು. ಮುಚ್ಚುವ ನರ ಸೋತಾಗ ಎತ್ತುವ ಸ್ನಾಯುವಿಗೆ ಎದುರಾಳಿಯೇ ಇಲ್ಲದಂತಾಗಿ ಕಣ್ಣು ಎಂದಿಗಿಂತ ಹೆಚ್ಚು ಅಗಲವಾಗಿ ತೆರೆದುಕೊಳ್ಳುತ್ತದೆ; ಕೆಳರೆಪ್ಪೆಯೂ ಸಡಿಲಗೊಂಡು ಹೊರಕ್ಕೆ ಮಗುಚುತ್ತದೆ. ವೈದ್ಯಶಾಸ್ತ್ರದಲ್ಲಿ ಈ ಸ್ಥಿತಿಗಿರುವ ಹೆಸರು ಲ್ಯಾಗಾಫ್ತಾಲ್ಮಸ್. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮೊಲದ ಕಣ್ಣು; ಮೊಲ ಕಣ್ಣು ತೆರೆದೇ ನಿದ್ರಿಸುತ್ತದೆಂದು ಹಿಂದಿನವರು ನಂಬಿದ್ದರು. ನಮ್ಮ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿಯೂ ರೆಪ್ಪೆಯ ರೋಗಗಳ ನಡುವೆ ವಾತಹತ ವರ್ತ್ಮ ಎಂಬುದೊಂದು ಬರುತ್ತದೆ. ಸಂದು ಸಡಿಲಿ, ಚಲನೆ ನಿಂತು, ಮುಚ್ಚಲಾಗದ ರೆಪ್ಪೆ ಎಂದು ಅದರ ಲಕ್ಷಣ. ಅಷ್ಟು ಹಿಂದೆಯೇ ಯಾರೋ ಒಬ್ಬರು ಬಾಯಿಯನ್ನು ಬಿಟ್ಟು ರೆಪ್ಪೆಯನ್ನು ಗಮನಿಸಿ ನೋಡಿದ್ದರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಮನುಷ್ಯ ನಿಮಿಷಕ್ಕೆ 15ರಿಂದ 20 ಸಲ ಎವೆ ಬಡಿಯುತ್ತಾನೆ. ಎಚ್ಚರವಿರುವ ಹೊತ್ತು 16 ಗಂಟೆ ಎಂದು ಹಿಡಿದರೆ ದಿನಕ್ಕೆ 14 ಸಾವಿರಕ್ಕೂ ಮೇಲೆ. ಅದರ ಬದಲಿಗೆ ನಾವು ಮಾಡಬಹುದಾಗಿದ್ದದ್ದು ಗಂಟೆಗೊಂದು ಹನಿ, ದಿನಕ್ಕೆ ಹದಿನಾರು ಹನಿ. ಈ ಲೆಕ್ಕವನ್ನು ಬಸ್ಸಿನಲ್ಲಿ ಕುಳಿತು ಮಾಡಿದ ಮೇಲೆ, ಕಣ್ಣಿಗೆ ರೆಪ್ಪೆಯ ಹಾಗೆ ನೋಡಿಕೊಳ್ಳುತ್ತೇನೆ ಎಂಬ ಮಾತನ್ನು ಇಷ್ಟು ವರ್ಷ ಎಷ್ಟು ಸಲೀಸಾಗಿ ಆಡಿದ್ದೆನಲ್ಲ ಎನ್ನಿಸಿತು.

ಕೃತಕ ಕಣ್ಣೀರಿನ ಹನಿಗಳಲ್ಲಿಯೂ ವ್ಯತ್ಯಾಸವಿದೆ. ದೊಡ್ಡ ಸೀಸೆಯ ಹನಿಗಳಲ್ಲಿ ಕೆಡದಿರಲೆಂದು ಸಂರಕ್ಷಕ ರಾಸಾಯನಿಕ ಸೇರಿಸಿರುವುದುಂಟು. ದಿನಕ್ಕೆ ಮೂರು ನಾಲ್ಕು ಸಲವಾದರೆ ಅದು ತೊಂದರೆ ಕೊಡುವುದಿಲ್ಲ, ಗಂಟೆಗೊಮ್ಮೆ ಬಿಟ್ಟರೆ ಮೊದಲೇ ಕಿತ್ತ ಪೊರೆಯನ್ನು ಅದೇ ಇನ್ನಷ್ಟು ಕೆರಳಿಸಬಹುದು. ಆದ್ದರಿಂದ ಸಂರಕ್ಷಕವಿಲ್ಲದ, ಒಂದೇ ಸಲಕ್ಕೆಂದು ಬರುವ ಪುಟ್ಟ ಕೊಳವೆಗಳನ್ನು ಬರೆದುಕೊಟ್ಟರು. ಬೆಲೆ ಹೆಚ್ಚು, ಆದರೆ ಇಲ್ಲಿ ಹಣ ಉಳಿಸಬಾರದು. ಔಷಧದ ಅಂಗಡಿಯಲ್ಲಿ ಕಣ್ಣು ಕೆಂಪಾಗಿದೆ ಎಂದರೆ ಸಾಕು, ಸ್ಟೀರಾಯ್ಡ್ ಇರುವ ಹನಿಯನ್ನು ತೆಗೆದು ಕೊಟ್ಟುಬಿಡುತ್ತಾರೆ. ನುಂಗುವ ಸ್ಟೀರಾಯ್ಡ್ ಮಾತ್ರೆ ನರಕ್ಕೆ ಒಳ್ಳೆಯದಾದ ಮಾತ್ರಕ್ಕೆ ಸ್ಟೀರಾಯ್ಡ್ ಹನಿ ಕಣ್ಣಿಗೆ ಒಳ್ಳೆಯದಲ್ಲ. ಹುಣ್ಣಾಗಿರುವ ಕಾರ್ನಿಯಾಕ್ಕೆ ವೈದ್ಯರು ಹೇಳದೆ ಅದನ್ನು ಬಿಟ್ಟರೆ ಸೋಂಕು ಒಳಗೊಳಗೇ ಕೊರೆಯುತ್ತದೆ.

ಹಗಲಿನ ಹನಿಗಿಂತ ಕಷ್ಟವಾದದ್ದು, ರಾತ್ರಿ ರೆಪ್ಪೆ ತೆರೆದುಕೊಳ್ಳದಂತೆ ಅಂಟಿಸುವ ಟೇಪು. ಇದನ್ನು ಕಲಿಯಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಕೈ ತೊಳೆದು, ಕೆಳರೆಪ್ಪೆಯನ್ನು ತುಸು ಎಳೆದು, ಆ ಸಂದಿನಲ್ಲಿ ಒಂದು ಸೆಂಟಿಮೀಟರಿನಷ್ಟು ಮುಲಾಮಿನ ಎಳೆ ಹಾಕಬೇಕು. ಅನಂತರ ಅವ್ವನಿಗೆ ಕೆಳಗೆ ನೋಡಲು ಹೇಳಬೇಕು, ಕೆಳಗೆ ನೋಡಿದಾಗ ಎತ್ತುವ ಸ್ನಾಯು ಹಿಡಿತ ಬಿಟ್ಟು ಮೇಲ್ರೆಪ್ಪೆ ಅರ್ಧ ತಾನಾಗಿಯೇ ಇಳಿಯುತ್ತದೆ. ಉಳಿದರ್ಧವನ್ನು ಎವೆಗಳ ಬುಡದಲ್ಲಿ ಬೆರಳಿಟ್ಟು ನಾನು ಇಳಿಸಬೇಕು. ರೆಪ್ಪೆಯ ಚರ್ಮದ ಮೇಲೆ ಮುಲಾಮಿನ ಜಿಡ್ಡು ಉಳಿದಿದ್ದರೆ ಟೇಪು ನಡುರಾತ್ರಿ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಅದನ್ನು ಶುಭ್ರವಾದ ಅರಿವೆಯಿಂದ ಒರೆಸಿ, ರೆಪ್ಪೆಗಳೆರಡೂ ಪೂರ್ತಿ ಕೂಡಿವೆ ಎಂದು ಬೆಳಕು ಹಿಡಿದು ಖಾತ್ರಿ ಮಾಡಿಕೊಂಡ ಮೇಲೆಯೇ ಮೃದುವಾದ ಕಾಗದದ ಟೇಪನ್ನು ಅಡ್ಡಲಾಗಿ ಅಂಟಿಸಬೇಕು. ಮೊದಲ ರಾತ್ರಿ ನಾನು ಕಣ್ಣಿನ ಮೇಲೆ ಹತ್ತಿಬಟ್ಟೆಯ ಮಡಿಕೆಯಿಟ್ಟು ಅದರ ಮೇಲೆ ಟೇಪು ಹಾಕಿದ್ದೆ. ಅದು ತಪ್ಪು. ಬಟ್ಟೆಯ ಕೆಳಗೆ ರೆಪ್ಪೆ ತೆರೆದುಕೊಂಡರೆ ಇಡೀ ರಾತ್ರಿ ಬಟ್ಟೆ ಕಾರ್ನಿಯಾವನ್ನು ಉಜ್ಜುತ್ತಿರುತ್ತದೆ, ಹೊರಗಿನಿಂದ ನೋಡುವವರಿಗೆ ಎಲ್ಲ ಸರಿಯಾಗಿದೆ ಎನ್ನಿಸುತ್ತದೆ. ಬೆಳಿಗ್ಗೆ ಟೇಪು ತೆಗೆಯುವಾಗಲೂ ಅವಸರ ಸಲ್ಲದು. ಎಪ್ಪತ್ತರ ಹತ್ತಿರದ ಚರ್ಮ ಈರುಳ್ಳಿಯ ಪೊರೆಯಷ್ಟು ತೆಳುವಾಗಿರುತ್ತದೆ, ಬೆಚ್ಚನೆಯ ನೀರಿನಿಂದ ನೆನೆಸಿ ಬಿಡಿಸಬೇಕು.

ಫ್ಯಾನಿನದು ಇನ್ನೊಂದು ಪಾಡು. ಮಾರ್ಚ್ ತಿಂಗಳ ನಮ್ಮೂರಿನಲ್ಲಿ ಫ್ಯಾನಿಲ್ಲದೆ ಮಲಗುವುದು ಸಾಧ್ಯವಿಲ್ಲ, ಫ್ಯಾನಿನ ಗಾಳಿ ಮುಖಕ್ಕೆ ಬಿದ್ದರೆ ಕಣ್ಣು ಒಣಗುತ್ತದೆ. ಕೊನೆಗೆ ಮೇಜಿನ ಫ್ಯಾನನ್ನು ಅವಳ ಕಾಲಿನ ಕಡೆಗಿಟ್ಟು ಗೋಡೆಗೆ ತಿರುಗಿಸಿದೆವು. ಹಗಲಲ್ಲಿ ಪಕ್ಕಗಳೂ ಮುಚ್ಚಿರುವ ಕನ್ನಡಕ ಹಾಕಿಸಿದೆವು, ರಾಶಿಯ ಕಡೆ ಹೋಗಲು ಬಿಡಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದನ್ನೂ ಬಿಡಿಸಿದೆವು. ಅವಳಿಗೆ ಕಾಯಿಲೆಗಿಂತ ದೊಡ್ಡ ದುಃಖವಾದದ್ದು ಅದು. ಒಂದು ಸಂಜೆ ಕೂದಲು ಬಾಚುತ್ತಿದ್ದಾಗ ಕನ್ನಡಿ ನೋಡುತ್ತ, "ದ್ಯಾವ್ರಿಗೆ ಎವಿ ಬಡಿಯೂದಿಲ್ಲಂತ ಪುರಾಣದಾಗ ಕೇಳೇನಿ, ನನಗ್ಯಾಕವಾ ಈ ದ್ಯಾವರ ಕಣ್ಣು?" ಎಂದಳು. ಸ್ವಯಂವರದಲ್ಲಿ ನಳನ ರೂಪ ತಾಳಿ ಬಂದ ದೇವತೆಗಳ ನಡುವೆ ಎವೆಯಿಕ್ಕುವವನನ್ನು ನೋಡಿ ದಮಯಂತಿ ತನ್ನ ಮನುಷ್ಯನನ್ನು ಗುರುತಿಸಿದ ಕಥೆ ಅವಳಿಗೆ ಗೊತ್ತಿತ್ತು. ನನಗೆ ಉತ್ತರ ತೋಚದೆ ಬಾಚಣಿಗೆ ಹಿಡಿದು ಸುಮ್ಮನೆ ನಿಂತೆ.

ಎರಡನೆಯ ಸಲ ಕಣ್ಣು ತೋರಿಸಲು ಹೋದಾಗ ಸಾಲಿನಲ್ಲಿ ನಮ್ಮ ಪಕ್ಕ ಕುಳಿತಿದ್ದ ಅಜ್ಜನೊಬ್ಬನಿಗೆ ಎರಡೂ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಬಹಳ ಹಿಂದೆ ಕುಷ್ಠರೋಗ ಬಂದು ಔಷಧದಿಂದ ವಾಸಿಯಾಗಿತ್ತು, ಹಾಳಾದ ನರಗಳು ಮಾತ್ರ ಹಾಗೆಯೇ ಉಳಿದಿದ್ದವು. ಅವನ ಕಣ್ಣು ಅವ್ವನದಕ್ಕಿಂತ ಕೆಂಪಗಿತ್ತು. ಆದರೂ ಅವನು ಒಮ್ಮೆಯೂ ಉಜ್ಜಿಕೊಳ್ಳಲಿಲ್ಲ. ಹತ್ತಿಯ ಎಳೆ ಮುಟ್ಟಿಸಿದಾಗ ಅವ್ವ ಬೆಚ್ಚಿದ್ದನ್ನು ಕಂಡು ವೈದ್ಯೆ ಏಕೆ ಸಂತೋಷಪಟ್ಟರೆಂದು ನನಗೆ ಆಗ ತಿಳಿಯಿತು. ಕುಷ್ಠದಲ್ಲಿ ರೆಪ್ಪೆ ಮುಚ್ಚುವ ನರದ ಜೊತೆಗೆ ಕಾರ್ನಿಯಾಕ್ಕೆ ಸ್ಪರ್ಶ ಕೊಡುವ ನರವೂ ಕೆಡಬಹುದು. ಹರಳು ಬಿದ್ದರೂ ನೋವಿಲ್ಲ, ಹುಣ್ಣಾದರೂ ನೋವಿಲ್ಲ, ಆದ್ದರಿಂದ ದೂರು ಹೇಳಿಕೊಂಡು ಬರುವುದೂ ಇಲ್ಲ. ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆಗೆ ಹೆಸರಾದ ಪಾಲ್ ಬ್ರಾಂಡ್ ಅವರ ಪತ್ನಿ, ನೇತ್ರವೈದ್ಯೆ ಮಾರ್ಗರೆಟ್ ಬ್ರಾಂಡ್ ವೆಲ್ಲೂರಿನಲ್ಲಿದ್ದಾಗ ಇಂಥವರ ಕಣ್ಣುಗಳನ್ನು ಉಳಿಸುವುದನ್ನೇ ತಮ್ಮ ಕೆಲಸವಾಗಿ ಮಾಡಿಕೊಂಡಿದ್ದರು. ಕೆನ್ನೆತಲೆಯಲ್ಲಿರುವ, ಅಗಿಯಲು ನೆರವಾಗುವ ಸ್ನಾಯುವಿನ ಒಂದು ಪಟ್ಟಿಯನ್ನು ರೆಪ್ಪೆಗಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಅದಾದ ಮೇಲೆ ರೋಗಿ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ದಿನವಿಡೀ ನೆನಪಿಟ್ಟುಕೊಂಡು ಹಲ್ಲು ಕಚ್ಚುತ್ತ ಬದುಕುವುದನ್ನು ಅವರು ಹೊಸದಾಗಿ ಕಲಿಯಬೇಕು.

ಅಜ್ಜನಿಗೆ ಶಸ್ತ್ರಚಿಕಿತ್ಸೆ ಆಗಿರಲಿಲ್ಲ, ಬಿಗಿಯಾಗಿ ಪ್ರಯತ್ನಿಸಿದರೆ ಅವನ ರೆಪ್ಪೆಗಳು ಬಹುತೇಕ ಕೂಡುತ್ತಿದ್ದವು. "ದಾರ್ಯಾಗ ಗಿಡ ಕಂಡಾಗೊಮ್ಮೆ ಕಣ್ಣು ಮುಚ್ಚು ಅಂತ ಹೇಳ್ಯಾರವ್ವಾ" ಎಂದು ಅವ್ವನಿಗೆ ಹೇಳಿದ. ಅವ್ವ ಇದನ್ನು ತನ್ನದೇ ರೀತಿಯಲ್ಲಿ ಅಳವಡಿಸಿಕೊಂಡಳು. ಮಾತು ಮಾತಿಗೂ ಶಿವನೇ ಎನ್ನುವುದು ಅವಳ ರೂಢಿ. ಹಾಗೆಂದಾಗಲೆಲ್ಲ ತೊಳೆದ ಬೆರಳಿನ ಹಿಂಬದಿಯಿಂದ ಎಡರೆಪ್ಪೆಯನ್ನು ಮೆಲ್ಲಗೆ ಇಳಿಸಿ ಬಿಡುವುದನ್ನು ಶುರು ಮಾಡಿದಳು. ಹನಿ ಬಿಡುವ ನನ್ನ ಅಲಾರಂಗಿಂತ ಅದು ಹೆಚ್ಚು ನಿಯಮಿತವಾಗಿತ್ತು.

ರೆಪ್ಪೆ ಮುಚ್ಚದಿರಲು ನರವೇ ಸೋಲಬೇಕೆಂದಿಲ್ಲ. ಥೈರಾಯ್ಡ್ ಕಾಯಿಲೆಯಲ್ಲಿ ಗುಡ್ಡೆ ಮುಂದಕ್ಕೆ ಉಬ್ಬಿದಾಗ, ಸುಟ್ಟ ಗಾಯದ ಕಲೆ ರೆಪ್ಪೆಯನ್ನು ಎಳೆದಾಗ, ಕಿವಿಯ ಅಥವಾ ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರವೂ ಹೀಗಾಗುತ್ತದೆ. ಮಲಗಿದಾಗ ಅರೆಗಣ್ಣು ಬಿಡುವ ಮಕ್ಕಳು ಬಹಳ. ಬೆಳಿಗ್ಗೆ ಕೆಂಪು, ಉರಿ ಇಲ್ಲದಿದ್ದರೆ ಅದಕ್ಕೆ ಹೆದರಬೇಕಿಲ್ಲ. ನನ್ನನ್ನು ಹೆಚ್ಚು ಕಾಡುವುದು ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವವರ ಅರೆತೆರೆದ ಕಣ್ಣುಗಳು. ಮನೆಯವರು ಒಳಗೆ ಹೋದ ಆ ಐದು ನಿಮಿಷದಲ್ಲಿ, ಕಣ್ಣಿಗೆ ಮುಲಾಮು ಹಾಕುತ್ತಿದ್ದೀರಾ ಎಂದು ನರ್ಸನ್ನು ವಿನಯದಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನರ ಚೇತರಿಸಿಕೊಳ್ಳದವರಿಗೆ ದಾರಿಗಳಿವೆ. ರೆಪ್ಪೆಗಳ ಹೊರತುದಿಯನ್ನು ಸ್ವಲ್ಪ ದೂರ ಹೊಲಿದು ಸೀಳನ್ನು ಕಿರಿದಾಗಿಸುತ್ತಾರೆ. ಮೇಲ್ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ಬಿಲ್ಲೆ ಇಡುವುದೂ ಉಂಟು. ಎತ್ತುವ ಸ್ನಾಯು ಹಿಡಿತ ಬಿಟ್ಟಾಗ ಆ ಭಾರಕ್ಕೆ ರೆಪ್ಪೆ ಇಳಿಯುತ್ತದೆ. ಕುಳಿತಾಗ, ನಿಂತಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅಂಗಾತ ಮಲಗಿದಾಗ ಭಾರ ಕೆಳಮುಖವಾಗಿ ಎಳೆಯದ ಕಾರಣ ತಲೆಯನ್ನು ದಿಂಬಿನಿಂದ ಎತ್ತರಿಸಿಕೊಳ್ಳಬೇಕಾಗುತ್ತದೆ. ಅವ್ವನಿಗೆ ಇದಾವುದೂ ಬೇಕಾಗಲಿಲ್ಲ. ನೋವು ಹೆಚ್ಚಿದರೆ, ಬೆಳಕು ನೋಡಲಾಗದಿದ್ದರೆ, ಮುಲಾಮು ಒರೆಸಿದ ಮೇಲೂ ಮಂಜು ಹೋಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಬರಬೇಕೆಂದು ವೈದ್ಯೆ ಹೇಳಿದ್ದನ್ನು ತಮ್ಮ ಕ್ಯಾಲೆಂಡರಿನ ಮೇಲೆ ಬರೆದು ತೂಗುಹಾಕಿದ್ದ. ಆ ದಿನ ಬರಲಿಲ್ಲ. ಎರಡು ವಾರಗಳಲ್ಲಿ ಹಸಿರು ಚುಕ್ಕೆಗಳು ಹೋದವು, ನಾಲ್ಕನೆಯ ವಾರ ಹುಬ್ಬು ತುಸು ಅಲುಗಿತು, ಬಾಯಿ ಯುಗಾದಿಯ ನಂತರ ಸರಿಯಾಗುತ್ತ ಬಂತು.

ಈಗ ಒಂದು ಗುರುತು ಉಳಿದಿದೆ. ಬಶಿಯಲ್ಲಿ ಸುರಿದ ಚಹಾ ಆರಲೆಂದು ತುಟಿ ಮುಂದೆ ಮಾಡಿ ಊದುವಾಗ ಅವಳ ಎಡಗಣ್ಣು ತಾನಾಗಿ ಕಿರಿದಾಗುತ್ತದೆ. ಮತ್ತೆ ಬೆಳೆದ ನರದ ಎಳೆಗಳು ತುಟಿಗೆ ಹೋಗಬೇಕಾದಲ್ಲಿ ಕೆಲವು ರೆಪ್ಪೆಗೂ ಹೋಗಿವೆ. ಇದು ಹೀಗೆಯೇ ಉಳಿಯಬಹುದಂತೆ.

ಟೇಪು ನಿಲ್ಲಿಸಬಹುದೆಂದು ವೈದ್ಯೆ ಹೇಳಿದ ಮೊದಲ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದ್ದು, ಮೊಬೈಲಿನ ಬೆಳಕನ್ನು ಬೆರಳುಗಳಿಂದ ಅರ್ಧ ಮರೆ ಮಾಡಿ, ಅವಳ ಹಾಸಿಗೆಯ ಪಕ್ಕ ಕುಳಿತು ನೋಡಿದೆ. ಮೇಲಿನ ಎವೆಗಳು ಕೆಳಗಿನ ಎವೆಗಳ ಮೇಲೆ ಬಂದು ಕೂತಿದ್ದವು, ನಡುವೆ ಬಿಳಿಗೆರೆ ಇರಲಿಲ್ಲ. ಇನ್ನೊಮ್ಮೆ ಹತ್ತಿರದಿಂದ ನೋಡೋಣವೆಂದು ಬಾಗಿದೆ. ಅವ್ವ ಕಣ್ಣು ತೆರೆಯದೆಯೇ, "ಬೆಳಕ ಆರಸವಾ, ನಿದ್ದಿ ಕೆಡತೈತಿ" ಎಂದು ಆಚೆ ಮಗ್ಗುಲಾದಳು.